ಅಪ್ಡೇಟ್ ನಿಲ್ಲಿಸಬೇಡಿ, ಡಿ ಡ್ರೈವ್ ನಂಬಬೇಡಿ

ಸೆಕ್ಯುರಿಟಿ ಅಪ್ಡೇಟ್ ಆದಮೇಲೆ ಮನೆಯ ಲ್ಯಾಪ್‌ಟಾಪ್ ಮತ್ತೆ ಮತ್ತೆ ಕೈಕೊಡ್ತಿದೆ, ಅಪ್ಡೇಟನ್ನೇ ಪೂರ್ತಿ ಬಂದ್ ಮಾಡೋದು ಹೇಗೆ ಅಂತ ಕೇಳಿದ್ದೀರಿ. ನಾನೂ ಇದೇ ಸಿಟ್ಟಿನಲ್ಲಿ ಇದೇ ಪ್ರಶ್ನೆ ಕೇಳಿದವಳು.

ನಾನಿರೋದು ಮೈಸೂರಿನ ಸರಸ್ವತಿಪುರಂನಲ್ಲಿ. ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಹಳ್ಳಿಗಳಲ್ಲಿ ಸೋಬಾನೆ ಪದ ಹಾಡುವ ಅಜ್ಜಿಯರನ್ನು ಹುಡುಕಿಕೊಂಡು ಹೋಗಿ ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದೆ. ಮನೆಗೆ ಬಂದು ಲ್ಯಾಪ್‌ಟಾಪಿಗೆ ಹಾಕಿಕೊಂಡು, ಕೇಳಿ ಕೇಳಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದೆ. ಫೋನಿನಲ್ಲಿ ಜಾಗ ಸಾಲದು ಅಂತ ಅಲ್ಲಿಂದ ಅಳಿಸಿಬಿಡುತ್ತಿದ್ದೆ.

ಒಂದು ಸಂಜೆ ಲ್ಯಾಪ್‌ಟಾಪ್ ಕಂಪನಿಯಿಂದ ತುರ್ತು ಸೆಕ್ಯುರಿಟಿ ಅಪ್ಡೇಟ್ ಬಂತು. ಬಯಾಸ್‌ದು, ಅಂದರೆ ಆನ್ ಮಾಡಿದಾಗ ವಿಂಡೋಸ್‌ಗಿಂತ ಮೊದಲು ಎದ್ದು ಕಂಪ್ಯೂಟರನ್ನು ಶುರು ಮಾಡುವ ಪ್ರೋಗ್ರಾಂದು. ಒತ್ತಿದೆ. ರೀಸ್ಟಾರ್ಟ್ ಆಯಿತು. ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳಿತು. ಅಂಥದ್ದೊಂದು ಕೀ ಇದೆ ಅನ್ನೋದೇ ನನಗೆ ಗೊತ್ತಿರಲಿಲ್ಲ.

ಆಮೇಲೆ ತಿಳಿದದ್ದು ಇಷ್ಟು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಟಿಪಿಎಂ ಅನ್ನೋ ಚಿಪ್ ಇರುತ್ತದೆ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ, ಅಂದರೆ ಕೀ ಇಲ್ಲದೆ ಓದಲಾಗದ ಹಾಗೆ ಬೀಗ ಬಿದ್ದಿದ್ದರೆ, ಅದನ್ನು ತೆರೆಯುವ ಕೀ ಆ ಚಿಪ್‌ನ ಕೈಯಲ್ಲಿ. ಆನ್ ಮಾಡಿದಾಗ ಬಯಾಸ್ ಮೊದಲಿನ ಹಾಗೇ ಇದ್ದರೆ ಮಾತ್ರ ಕೀ ಬಿಡುತ್ತದೆ. ಬಯಾಸ್ ಬದಲಾಗಿದ್ದರೆ ಯಾರೋ ಕೈಯಾಡಿಸಿದ್ದಾರೆ ಅಂತಲೇ ಲೆಕ್ಕ. ಹಾಗಾಗಿ ಬಯಾಸ್ ಅಪ್ಡೇಟ್ ಮಾಡುವ ಪ್ರೋಗ್ರಾಂ ಮೊದಲು ಆ ಕಾವಲನ್ನು ಸ್ವಲ್ಪ ಹೊತ್ತು ತಡೆಹಿಡಿಯಬೇಕು. ನನಗೆ ಬಂದದ್ದು ಆ ಕೆಲಸ ಮಾಡಿರಲಿಲ್ಲ.

ಮೊದಲ ಸಲ ಸೆಟಪ್ ಮಾಡುವಾಗ ಕೊಟ್ಟ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಆ ಕೀ ಉಳಿದಿರುತ್ತದೆ. ನನ್ನದನ್ನು ಅಂಗಡಿಯ ಹುಡುಗ ಯಾವುದೋ ಮೇಲ್ ಐಡಿ ಹಾಕಿ ಶುರು ಮಾಡಿಕೊಟ್ಟಿದ್ದ. ಅವನು ಕೆಲಸ ಬಿಟ್ಟಿದ್ದ. ಐಡಿ ಯಾವುದು ಅಂತ ಅಂಗಡಿಯಲ್ಲಿ ಯಾರಿಗೂ ಗೊತ್ತಿಲ್ಲ. "ಫಾರ್ಮ್ಯಾಟ್ ಹೊಡೆದುಕೊಡ್ತೀವಿ ಮೇಡಂ" ಅಂದರು. ಹೊಡೀರಿ, ನನ್ನದೆಲ್ಲ ಡಿ ಡ್ರೈವ್‌ನಲ್ಲಿದೆ ಅಂದೆ.

ನಾನು ಕೆಟ್ಟದ್ದು ಇಲ್ಲಿ. ನಮ್ಮ ಮನೆಯ ಹಳೇ ಡೆಸ್ಕ್‌ಟಾಪ್ ಕಾಲದಿಂದ ಒಂದು ನಂಬಿಕೆ ಇತ್ತು: ಸಿ ಹೋದರೆ ಹೋಗಲಿ, ಡಿ ಇರುತ್ತೆ. ಆಗ ಅದು ನಿಜವೂ ಆಗಿತ್ತು. ವೈರಸ್ ಬಂದರೆ ಸಿ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕುತ್ತಿದ್ದರು, ಡಿಯಲ್ಲಿದ್ದ ಫೋಟೋ ಎಲ್ಲ ಹಾಗೇ ಸಿಗುತ್ತಿತ್ತು. ಅದಕ್ಕೇ ನಾನು ಪ್ರತಿಯೊಂದು ರೆಕಾರ್ಡಿಂಗನ್ನೂ ಡೆಸ್ಕ್‌ಟಾಪಿನಲ್ಲಿ ಒಂದು, ಡಿಯಲ್ಲಿ ಒಂದು ಇಡುತ್ತಿದ್ದೆ. ಎರಡು ಕಾಪಿ ಇದೆ ಅಂತ ಧೈರ್ಯ. ಆದರೆ ಸಿ, ಡಿ ಎರಡೂ ಒಂದೇ ಬೀರುವಿನ ಎರಡು ಅರೆಗಳು. ಡಿಸ್ಕ್ ಸತ್ತರೆ ಎರಡೂ ಸಾಯುತ್ತವೆ. ಡಿವೈಸ್ ಎನ್‌ಕ್ರಿಪ್ಶನ್ ಆನ್ ಇದ್ದರೆ ಡಿ ಕೂಡ ಎನ್‌ಕ್ರಿಪ್ಟ್ ಆಗಿರುತ್ತದೆ. ಸಿ ಫಾರ್ಮ್ಯಾಟ್ ಮಾಡಿದರೂ ಡಿ ಅದೇ ರೀತಿ ಕೀ ಕೇಳುತ್ತದೆ. ಕೇಳಿತು. ನಾನು ಅಷ್ಟು ಜತನದಿಂದ ಮಾಡಿದ ಎರಡನೇ ಕಾಪಿ ಕಾಪಿಯೇ ಆಗಿರಲಿಲ್ಲ. ಒಂದು ಪೆನ್‌ಡ್ರೈವ್‌ಗೆ ಹಾಕಿದ್ದರೂ ಸಾಕಿತ್ತು. ಮನೆಯಲ್ಲೇ ಇತ್ತು, ಖಾಲಿ.

ಕೆಲವು ಹಳ್ಳಿಗಳಿಗೆ ಮತ್ತೆ ಹೋದೆ. ಕೆಲವರು ಮತ್ತೆ ಹಾಡಿಕೊಟ್ಟರು. ಕೆಲವರು ತೀರಿಕೊಂಡಿದ್ದರು.

ಹಾಗಂತ ಕಂಪನಿಗಳ ತಪ್ಪು ಸಣ್ಣದು ಅಂತ ನಾನು ಒಪ್ಪುವುದಿಲ್ಲ. 2024ರ ಜನವರಿಯಲ್ಲಿ ವಿಂಡೋಸ್ 10ಕ್ಕೆ ಬಂದ ಕೆಬಿ5034441 ಅನ್ನೋ ಅಪ್ಡೇಟ್ ನೋಡಿ. ರಿಕವರಿ ಪಾರ್ಟಿಶನ್‌ನಲ್ಲಿ (ವಿಂಡೋಸ್ ಕೆಟ್ಟಾಗ ರಿಪೇರಿಗೆ ಅಂತ ಡಿಸ್ಕಿನಲ್ಲಿ ತೆಗೆದಿಟ್ಟ ಭಾಗದಲ್ಲಿ) 250 ಎಂಬಿ ಖಾಲಿ ಜಾಗ ಇಲ್ಲದಿದ್ದರೆ ಅದು ಇನ್‌ಸ್ಟಾಲ್ ಆಗದೆ ಎರರ್ ಕೊಡುತ್ತಿತ್ತು. ಕಮಾಂಡ್ ಟೈಪ್ ಮಾಡಿ ಪಾರ್ಟಿಶನ್ ದೊಡ್ಡದು ಮಾಡಿಕೊಳ್ಳಿ ಅಂತ ಜನಕ್ಕೇ ಹೇಳಿದರು. ಮನೆಯಲ್ಲಿ ಕರೆಂಟ್ ಬಿಲ್ ಕಟ್ಟಲು ಕಂಪ್ಯೂಟರ್ ಇಟ್ಟುಕೊಂಡವರು ಇದನ್ನು ಮಾಡೋಕಾಗುತ್ತಾ? ಅದೇ ವರ್ಷ ಜುಲೈನ ಅಪ್ಡೇಟ್ ಆದಮೇಲೆ ಕೆಲವು ಕಂಪ್ಯೂಟರ್‌ಗಳು ಬಿಟ್‌ಲಾಕರ್ ಕೀ, ಅಂದರೆ ಅದೇ 48 ಅಂಕಿಯ ರಿಕವರಿ ಕೀ, ಕೇಳಿದವು. ಆಗಸ್ಟ್‌ನಲ್ಲಿ ಸರಿಮಾಡಿದರು. ಆಫೀಸುಗಳಲ್ಲಿ ಐಟಿಯವರು ಮೊದಲು ನಾಲ್ಕಾರು ಮೆಷಿನ್‌ಗೆ ಹಾಕಿ ನೋಡುತ್ತಾರೆ. ಮನೆಯವರಿಗೆ ಆ ಅನುಕೂಲ ಎಲ್ಲಿದೆ? ನಮ್ಮ ಕಷ್ಟ ನೋಡಿ ಉಳಿದವರು ಕಲಿಯೋದು. ಇದು ಅನ್ಯಾಯವೇ.

ಆದರೂ ಪೂರ್ತಿ ಬಂದ್ ಮಾಡೋದು ಹೇಗೆ ಅಂತ ನಾನು ಹೇಳಿಕೊಡುವುದಿಲ್ಲ. 2017ರ ಮಾರ್ಚ್ 14ಕ್ಕೆ ವಿಂಡೋಸ್‌ನ ಒಂದು ತೂತು ಮುಚ್ಚುವ ಅಪ್ಡೇಟ್ ಬಂತು. ಮೇ 12ಕ್ಕೆ ವಾನ್ನಾಕ್ರೈ ಅನ್ನೋ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಅದೇ ತೂತಿನಿಂದ ನುಗ್ಗಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳೂ ಕಂಗಾಲಾದವು. ನಡುವೆ ಸುಮಾರು ಎರಡು ತಿಂಗಳು ಇತ್ತು. ಹಾಕಿಕೊಳ್ಳದವರ ಫೈಲುಗಳಿಗೆ ಬೀಗ ಬಿತ್ತು.

ನಿಲ್ಲಿಸಬೇಡಿ, ಒಂದು ವಾರ ಮುಂದೂಡಿ. ವಿಂಡೋಸ್ ಸೆಕ್ಯುರಿಟಿ ಅಪ್ಡೇಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಬರುತ್ತದೆ, ನಮ್ಮಲ್ಲಿ ಆಗ ರಾತ್ರಿ ಹತ್ತು ದಾಟಿರುತ್ತದೆ. ಅದಕ್ಕೆ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ವಿಂಡೋಸ್ ಅಪ್ಡೇಟ್‌ನಲ್ಲಿ ಒಂದು ವಾರ ಪಾಸ್ (Pause) ಮಾಡಿ. ಹೋಮ್ ಎಡಿಷನ್‌ನಲ್ಲೂ ಆ ಬಟನ್ ಇದೆ. ದೊಡ್ಡ ಎಡವಟ್ಟಾಗಿದ್ದರೆ ಅಷ್ಟರಲ್ಲಿ ಸುದ್ದಿ ಬಂದಿರುತ್ತದೆ. ಬಯಾಸ್ ಅಪ್ಡೇಟ್ ಮಾತ್ರ ಕೀ ಕೈಯಲ್ಲಿಲ್ಲದೆ, ಚಾರ್ಜರ್ ಹಾಕದೆ ಮುಟ್ಟಲೇಬೇಡಿ. ಕೀಯನ್ನು ಕಾಗದದ ಮೇಲೆ ಬರೆದು ಮನೆಪತ್ರದ ಜೊತೆ ಇಡಿ. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಒಂದು ತಗೊಳ್ಳಿ, ಕಾಪಿ ಆದ ತಕ್ಷಣ ಕಿತ್ತಿಡಿ. ದುಡ್ಡು ಜಾಸ್ತಿ ಅನ್ನಿಸಿದರೂ ತಗೊಳ್ಳಿ.

ನಿಮ್ಮ ಲ್ಯಾಪ್‌ಟಾಪ್ ಈಗ ಯಾವ ಪರದೆಯಲ್ಲಿ ನಿಂತಿದೆ ಅಂತ ನೀವು ಬರೆದಿಲ್ಲ. ನೀಲಿ ಪರದೆಯಲ್ಲಿ ಕೀ ಐಡಿ (ಯಾವ ಕೀ ಬೇಕು ಅಂತ ತಿಳಿಸುವ ಗುರುತು) ಅಂತ ಕಾಣುತ್ತಿದ್ದರೆ ಅಂಗಡಿಗೆ ಓಡಬೇಡಿ, ಯಾರು ಹೇಳಿದರೂ ಫಾರ್ಮ್ಯಾಟ್ ಮಾಡಿಸಬೇಡಿ. ಅದನ್ನು ಫೋಟೋ ತೆಗೆದುಕೊಳ್ಳಿ. ಮನೆಯವರೆಲ್ಲರ ಮೈಕ್ರೋಸಾಫ್ಟ್ ಅಕೌಂಟ್ ಒಂದೊಂದಾಗಿ ಫೋನಿನಲ್ಲಿ ತೆರೆದು, ಅದೇ ಐಡಿಯ ಕೀ ಇದೆಯಾ ನೋಡಿ. ಮಕ್ಕಳ ಆನ್‌ಲೈನ್ ಕ್ಲಾಸಿಗೆ ಮಾಡಿಸಿದ್ದ ಹಳೇ ಅಕೌಂಟನ್ನೂ ಬಿಡಬೇಡಿ.