ಎಡಬ್ಲ್ಯೂಎಸ್ ಐಒಟಿ ಕೋರ್‌ಗೆ (ಸಾಧನಗಳನ್ನು ಇಂಟರ್ನೆಟ್ ಮೂಲಕ ಬೆಸೆಯುವ ಅಮೆಜಾನ್‌ನ ಕ್ಲೌಡ್ ಸೇವೆ) ಜೋಡಿಸಿದ ಸಾಧನಗಳ ಸಂಪರ್ಕ ಪದೇ ಪದೇ ಕಡಿಯುವುದೇಕೆ? ಕಳುಹಿಸಿದ ಆದೇಶ ತಲುಪದಿರುವುದೇಕೆ?

ಒಂದೇ ಸಾಧನವಿದ್ದಾಗ ಸರಿಯಾಗಿದ್ದ ಸಂಪರ್ಕವು ಅದೇ ಫರ್ಮ್‌ವೇರನ್ನು (ಸಾಧನದೊಳಗಿನ ತಂತ್ರಾಂಶ) ಇಪ್ಪತ್ತು ಸಾಧನಗಳಿಗೆ ಹಾಕಿದ ಮೇಲೆ ಕೆಲವೇ ಸೆಕೆಂಡುಗಳಿಗೊಮ್ಮೆ ಕಡಿಯುತ್ತಿದೆ ಎಂದೂ, ಸಾಧನ ಆಫ್‌ಲೈನ್ ಇದ್ದಾಗ ಕಳುಹಿಸಿದ ‘ಪಂಪ್ ಆನ್ ಮಾಡು’ ಎಂಬ ಆದೇಶ ಕಳೆದುಹೋಗುತ್ತಿದೆ ಎಂದೂ ನೀವು ಬರೆದಿದ್ದೀರಿ. ಇವೆರಡೂ ಬೇರೆ ಬೇರೆ ತೊಂದರೆಗಳು.

ಮೊದಲನೆಯದಕ್ಕೆ ‘ಅದೇ ಫರ್ಮ್‌ವೇರ್’ ಎಂಬ ನಿಮ್ಮ ಮಾತೇ ಸುಳಿವು. ಎಂಕ್ಯೂಟಿಟಿಯಲ್ಲಿ (ಈ ಸಾಧನಗಳು ಸಂದೇಶ ಕಳುಹಿಸಲು ಬಳಸುವ ನಿಯಮಾವಳಿ) ಒಂದು ಕ್ಲೈಂಟ್ ಐಡಿಗೆ, ಅಂದರೆ ಸಾಧನ ಹೇಳಿಕೊಳ್ಳುವ ಗುರುತಿಗೆ, ಒಂದೇ ಸಂಪರ್ಕ. ಒಂದೇ ಫರ್ಮ್‌ವೇರ್ ಹಾಕಿದ್ದರಿಂದ ಇಪ್ಪತ್ತೂ ಸಾಧನಗಳು ಒಂದೇ ಐಡಿ ಹೇಳುತ್ತಿರಬೇಕು. ಅದೇ ಐಡಿ ಹೇಳಿಕೊಂಡು ಎರಡನೆಯ ಸಾಧನ ಬಂದರೆ ಬ್ರೋಕರ್ (ಸಂದೇಶಗಳನ್ನು ಹಂಚುವ ಸರ್ವರ್, ಇಲ್ಲಿ ಐಒಟಿ ಕೋರ್) ಮೊದಲನೆಯದನ್ನು ಹೊರಹಾಕುತ್ತದೆ, ಹೊರಬಿದ್ದದ್ದು ತಾನಾಗಿ ಮರಳಿ ಬಂದು ಎರಡನೆಯದನ್ನು ಹೊರಹಾಕಿಸುತ್ತದೆ. (ನಾನೂ ಒಮ್ಮೆ ಇದೇ ತಪ್ಪು ಮಾಡಿ, ಹಲವು ದಿನ ವೈಫೈ ರೌಟರನ್ನು ದೂಷಿಸಿದ್ದೆ.) ಸಂಪರ್ಕ ಕಡಿದಾಗ ಐಒಟಿ ಕೋರ್ ಕಳುಹಿಸುವ ಸಂದೇಶದಲ್ಲಿ ಕಾರಣವೂ ಇರುತ್ತದೆ, ಅಲ್ಲಿ ‘ಡ್ಯೂಪ್ಲಿಕೇಟ್ ಕ್ಲೈಂಟ್ ಐಡಿ’ ಎಂದಿದ್ದರೆ ಬೇರೆಲ್ಲೂ ಹುಡುಕಬೇಕಾಗಿಲ್ಲ. ಚಿಪ್‌ನ ಮ್ಯಾಕ್ ವಿಳಾಸವನ್ನೋ ಸರಣಿ ಸಂಖ್ಯೆಯನ್ನೋ ಐಡಿಯಾಗಿ ಬಳಸಿರಿ. ಸಾಧನದ ಗುರುತನ್ನು ಖಚಿತಪಡಿಸುವ ಸರ್ಟಿಫಿಕೇಟ್ ಮತ್ತು ಖಾಸಗಿ ಕೀಲಿಯೂ ಪ್ರತಿ ಸಾಧನಕ್ಕೆ ಪ್ರತ್ಯೇಕವಾಗಿರಲಿ. ಇಲ್ಲದಿದ್ದರೆ ಒಂದು ಸಾಧನ ಕಳುವಾದ ದಿನ ಇಪ್ಪತ್ತರ ಸರ್ಟಿಫಿಕೇಟನ್ನೂ ರದ್ದು ಮಾಡಬೇಕಾಗುತ್ತದೆ.

ಎರಡನೆಯ ತೊಂದರೆಗೆ ಕ್ಯೂಒಎಸ್ 1 (ಸಂದೇಶ ಕನಿಷ್ಠ ಒಂದು ಸಲ ತಲುಪುವಂತೆ ನೋಡಿಕೊಳ್ಳುವ ಮಟ್ಟ) ಮತ್ತು ಪರ್ಸಿಸ್ಟೆಂಟ್ ಸೆಷನ್ (ಸಂಪರ್ಕ ಕಡಿದರೂ ಬ್ರೋಕರ್ ನೆನಪಿಟ್ಟುಕೊಳ್ಳುವ ಸೆಷನ್) ಬಳಸಿ ಎಂದು ಬಹಳಷ್ಟು ಜನ ಹೇಳುತ್ತಾರೆ. ಹಾಗೆ ಮಾಡಿದರೆ ಬ್ರೋಕರ್ ಆದೇಶವನ್ನು ಕಾದಿರಿಸುವುದು ನಿಜ. ನೀವು ಬದಲಾಯಿಸದಿದ್ದರೆ ಅದರ ಅವಧಿ 1 ಗಂಟೆ. ಆದರೆ ಅರ್ಧ ಗಂಟೆಯ ಹಿಂದಿನ ಆನ್, ಆಫ್, ಆನ್ ಆದೇಶಗಳು ಸಾಲಾಗಿ ಬಂದು ಪಂಪನ್ನು ಕುಣಿಸುವುದು ನಿಮಗೆ ಬೇಕೇ? ಮೇಲಾಗಿ ಕ್ಯೂಒಎಸ್ 1ರಲ್ಲಿ ಒಂದೇ ಸಂದೇಶ ಎರಡು ಸಲ ಬರಬಹುದು, ಮತ್ತು ಸರಿಯಾಗಿ ಒಂದೇ ಸಲ ತಲುಪಿಸುವ ಕ್ಯೂಒಎಸ್ 2 ಈ ಸೇವೆಯಲ್ಲಿ ಇಲ್ಲ.

ಆದ್ದರಿಂದ ಆದೇಶವನ್ನು ಕಳುಹಿಸುವ ಬದಲು, ಇರಬೇಕಾದ ಸ್ಥಿತಿಯನ್ನು ಡಿವೈಸ್ ಶ್ಯಾಡೋದಲ್ಲಿ ಬರೆದಿಡಿ. ಅದು ಕ್ಲೌಡ್‌ನಲ್ಲಿರುವ ಒಂದು ಸಣ್ಣ ಜೇಸನ್ (ಹೆಸರು-ಮೌಲ್ಯ ಜೋಡಿಗಳ ಪಠ್ಯ ರೂಪ) ದಾಖಲೆ: ‘ಡಿಸೈರ್ಡ್’ ಭಾಗದಲ್ಲಿ ನಿಮಗೆ ಬೇಕಾದ ಸ್ಥಿತಿ, ‘ರಿಪೋರ್ಟೆಡ್’ ಭಾಗದಲ್ಲಿ ಸಾಧನ ತಿಳಿಸಿದ ಸ್ಥಿತಿ, ಎರಡಕ್ಕೂ ವ್ಯತ್ಯಾಸವಿದ್ದರೆ ‘ಡೆಲ್ಟಾ’. ಆಫ್‌ಲೈನ್ ಇದ್ದಾಗ ಹೊರಟ ಡೆಲ್ಟಾ ಸಂದೇಶವನ್ನೇ ನಂಬಿ ಕೂರದೆ, ಸಾಧನವು ಸಂಪರ್ಕ ಮರಳಿದ ಕೂಡಲೇ ಶ್ಯಾಡೋವನ್ನು ತಾನೇ ಕೇಳಿ ಪಡೆದು, ವ್ಯತ್ಯಾಸವನ್ನು ಜಾರಿಗೊಳಿಸಿ, ಆಮೇಲೆ ರಿಪೋರ್ಟೆಡ್ ಬರೆಯಬೇಕು. ಇಲ್ಲಿ ಒಂದು ಎಚ್ಚರಿಕೆ: ಡಿಸೈರ್ಡ್‌ನಲ್ಲಿದ್ದುದನ್ನೇ ನಕಲು ಮಾಡಿ ರಿಪೋರ್ಟೆಡ್‌ಗೆ ಹಾಕುವ ಕೋಡ್ ತುಂಬ ಸಾಮಾನ್ಯ, ಆದರೆ ಅದು ಸುಳ್ಳು ವರದಿ. ರಿಲೇ (ಪಂಪಿನ ವಿದ್ಯುತ್ ಸ್ವಿಚ್) ನಿಜಕ್ಕೂ ಆನ್ ಆಗಿದೆಯೇ, ಪಂಪ್ ವಿದ್ಯುತ್ ಎಳೆಯುತ್ತಿದೆಯೇ ಎಂದು ಅಳೆದು ಬರೆಯಿರಿ.

ಎಲ್ಲವನ್ನೂ ಶ್ಯಾಡೋಗೆ ತುಂಬಬೇಡಿ. ಹತ್ತು ಸೆಕೆಂಡಿಗೊಮ್ಮೆ ಬರುವ ತಾಪಮಾನದ ಓದುವಿಕೆಗೆ ಸಾಮಾನ್ಯ ಟಾಪಿಕ್ (ಸಂದೇಶಗಳು ಸಾಗುವ, ಹೆಸರಿಟ್ಟ ದಾರಿ) ಸಾಕು. ಶ್ಯಾಡೋ ಕೊನೆಯ ಮೌಲ್ಯವನ್ನಷ್ಟೇ ಉಳಿಸಿಕೊಳ್ಳುತ್ತದೆ. ರೀಬೂಟ್ ಎಂಬುದು ಸ್ಥಿತಿಯಲ್ಲ, ಒಂದು ಸಲದ ಕ್ರಿಯೆ. ಅದನ್ನು ಡಿಸೈರ್ಡ್‌ನಲ್ಲಿ ಬರೆದರೆ ಸಾಧನ ಎದ್ದಾಗಲೆಲ್ಲ ಅದನ್ನು ಓದಿ ಮತ್ತೆ ಮಲಗುವ ಅಪಾಯವಿದೆ. ರೀಬೂಟ್‌ಗೂ ಫರ್ಮ್‌ವೇರ್ ಅಪ್‌ಡೇಟ್‌ಗೂ ಜಾಬ್ಸ್ ಎಂಬ ಪ್ರತ್ಯೇಕ ಸೌಲಭ್ಯವೇ ಇದೆ, ಅದರಲ್ಲಿ ಪ್ರತಿ ಸಾಧನದ ಪ್ರಗತಿಯೂ ಕಾಣುತ್ತದೆ. ಮೊದಲು ಎರಡು ಸಾಧನಗಳ ಐಡಿ ಬದಲಿಸಿ ಒಂದು ರಾತ್ರಿ ಓಡಿಸಿ ನೋಡಿ, ಶ್ಯಾಡೋದ ಕೆಲಸವನ್ನು ಅದಾದ ಮೇಲೆ ಕೈಗೆತ್ತಿಕೊಳ್ಳಿ.