ಆಪ್ತಸಲಹೆ ಪ್ರಕರಣ: ಕ್ಲಬ್ ಮೀಟಿಂಗಲ್ಲಿ ಕಷ್ಟ ಹೇಳ್ಕೋಬೇಕಾ, ಕೆಲಸ ಕೇಳ್ಬೇಕಾ?

(ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ, ಅವರ ಒಪ್ಪಿಗೆ ತಗೊಂಡೇ ಬರೀತಿರೋದು.)

ಇವರನ್ನ 'ಸ' ಅಂತ ಕರೀತೀನಿ. ವಯಸ್ಸು ನಲವತ್ತರ ಹತ್ರ, ಮುಂಚೆ ಒಂದು ಆಫೀಸಲ್ಲಿ ಅಕೌಂಟ್ಸ್ ನೋಡ್ಕೋತಿದ್ರು, ಮಗು ಆದ್ಮೇಲೆ ಬಿಟ್ರು, ಈಗ ಗಂಡನ ಆರೋಗ್ಯ ಕೆಟ್ಟು ಮನೆ ಜವಾಬ್ದಾರಿ ಪೂರ್ತಿ ಇವರ ಹೆಗಲ ಮೇಲೆ. ಒಂದು ಸೇವಾ ಕ್ಲಬ್‌ನವರು ಮೀಟಿಂಗಿಗೆ ಕರೆದಿದ್ರು. ಸ್ಟೇಜ್ ಮೇಲೆ ನಿಂತು ತಮ್ಮ ಕಷ್ಟ ಹೇಳ್ಬೇಕು, ಆಮೇಲೆ ಹೊಲಿಗೆ ಮಷೀನ್ ಕೊಡ್ತಾರೆ, ಫೋಟೋ ತೆಗೀತಾರೆ.

"ಮೇಡಂ, ನಂಗೆ ಹೊಲಿಗೆನೇ ಬರಲ್ಲ, ಬರೋದು ಲೆಕ್ಕ. ಬೇಡ ಅಂದ್ರೆ ಸೊಕ್ಕು ಅಂತಾರೆ" ಅಂತ ಅತ್ತುಬಿಟ್ರು.

ನಾನು ಹೇಳಿದ್ದು, ಮೀಟಿಂಗಿಗೆ ಖಂಡಿತ ಹೋಗಿ, ಆದ್ರೆ ಕೆಲಸ ಹುಡುಕ್ತಿರೋರ ಥರ ಹೋಗಿ ಅಂತ. ಇಂಥ ಕ್ಲಬ್‌ಗಳು ಶುರುವಾಗಿದ್ದೇ ಉದ್ಯೋಗಸ್ಥರು ಒಂದು ಕಡೆ ಸೇರೋಕೆ. 1905ರಲ್ಲಿ ಪಾಲ್ ಹ್ಯಾರಿಸ್ ಅನ್ನೋ ವಕೀಲರು ಶಿಕಾಗೋದಲ್ಲಿ ರೋಟರಿ ಶುರು ಮಾಡಿದ್ದು ಬೇರೆಬೇರೆ ವೃತ್ತಿಯವರನ್ನ ಸೇರಿಸ್ಕೊಂಡು, 1919ರ ಜೋಂಟಾ, 1921ರ ಸೊರೊಪ್ಟಿಮಿಸ್ಟ್ ಅಂತೂ ದುಡಿಯೋ ಹೆಂಗಸರಿಗಾಗೇ ಶುರುವಾದ ಕ್ಲಬ್‌ಗಳು. ಅಂದ್ರೆ ಆ ಹಾಲಲ್ಲಿ ಆಡಿಟರ್, ಡಾಕ್ಟರ್, ಸ್ಕೂಲ್ ನಡೆಸೋರು, ಗೋಡೌನ್ ಇರೋರು ಎಲ್ಲಾ ಒಟ್ಟಿಗೆ ಕೂತಿರ್ತಾರೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಬರೆದಿದಾರೆ, ಹೊಸ ಕೆಲಸದ ಸುದ್ದಿ ಆಪ್ತರಿಗಿಂತ ಅಷ್ಟಕ್ಕಷ್ಟೇ ಪರಿಚಯ ಇರೋರಿಂದ ಬರೋದೇ ಜಾಸ್ತಿ ಅಂತ, ಯಾಕಂದ್ರೆ ನಮ್ಮ ಹತ್ರದವರಿಗೆ ಗೊತ್ತಿರೋದು ನಮಗೂ ಗೊತ್ತಿರತ್ತೆ. 'ಸ' ಅವರಿಗೆ ಬೇಕಿದ್ದಿದ್ದು ಆ ಪರಿಚಯಗಳೇ.

ಅವರ ರೆಸ್ಯೂಮೆ ತರಿಸಿ ನೋಡ್ದೆ. ಮೊದಲ ಸಾಲೇ "ಸದ್ಯ ಗೃಹಿಣಿ", ಕೆಳಗೆ ಅಷ್ಟೂ ವರ್ಷ ಖಾಲಿ. ಆ ಟೈಮಲ್ಲಿ ಏನೇನ್ ಮಾಡಿದ್ರಿ ಅಂತ ಕೆದಕಿ ಕೆದಕಿ ಕೇಳ್ದಾಗ ಹೊರಗೆ ಬಂತು, ಗಂಡನ ಆಸ್ಪತ್ರೆ ಬಿಲ್ಲುಗಳನ್ನೆಲ್ಲ ತಾರೀಖಿನ ಪ್ರಕಾರ ಫೈಲ್ ಮಾಡಿ, ರಿಜೆಕ್ಟ್ ಆಗಿದ್ದ ಇನ್ಶೂರೆನ್ಸ್ ಕ್ಲೈಮಿಗೆ ಪತ್ರದ ಮೇಲೆ ಪತ್ರ ಬರೆದು ಪಾಸ್ ಮಾಡಿಸ್ಕೊಂಡಿದಾರೆ! ಇದನ್ನ ಕೆಲಸ ಅಂತ ಅವರು ಲೆಕ್ಕಕ್ಕೇ ತಗೊಂಡಿರ್ಲಿಲ್ಲ. ಮೊದಲು ಅದನ್ನ ಬರೆಸ್ದೆ.

ಆಮೇಲೆ ಮಾತಾಡೋದು ಪ್ರಾಕ್ಟೀಸ್ ಮಾಡಿದ್ವಿ. "ಏನಾದ್ರೂ ಕೆಲಸ ಇದ್ರೆ ಹೇಳಿ" ಅಂದ್ರೆ ಯಾರ ತಲೆಗೂ ಏನೂ ಹೊಳೆಯಲ್ಲ, "ನಂಗೆ ಬಿಲ್ಲಿಂಗ್, ಬ್ಯಾಂಕ್ ಲೆಕ್ಕ ತಾಳೆ ನೋಡೋದು, ಸಂಬಳದ ಪಟ್ಟಿ ಮಾಡೋದು ಬರತ್ತೆ, ನಿಮ್ಮ ಆಫೀಸಲ್ಲಿ ಯಾವ ಸಾಫ್ಟ್‌ವೇರ್ ಇದೆ, ಏನು ಕಲ್ತು ಬಂದ್ರೆ ಅನುಕೂಲ" ಅಂತ ಕೇಳಿದ್ರೆ ಎದುರಿನವರು ಯೋಚನೆ ಮಾಡೋಕೆ ಶುರು ಮಾಡ್ತಾರೆ. ಗ್ಯಾಪ್ ಬಗ್ಗೆ ಒಂದೇ ವಾಕ್ಯ ಸಾಕು, ಅಲ್ಲಿ ನಿಂತು ಸಮಜಾಯಿಷಿ ಕೊಡ್ತಾ ಹೋಗ್ಬೇಡಿ ಅಂದೆ.

ಇನ್ನೊಂದು ವಿಷಯಕ್ಕೆ ನಾನು ತುಂಬಾ ಹೊತ್ತು ಕೊಟ್ಟೆ, ಋಣದ ಭಾರ. ಯಾರೋ ಉಪಕಾರ ಮಾಡಿ ಕೊಡಿಸಿದ ಕೆಲಸ ಅಂದ್ರೆ ಹೆಣ್ಮಕ್ಕಳು ಸಂಬಳ ಕೇಳೋಕೂ ಹಿಂಜರೀತಾರೆ, ಹೊತ್ತು ಮೀರಿ ಕೂರಿಸ್ಕೊಂಡ್ರೂ ಸುಮ್ನಿರ್ತಾರೆ, ಯಾರಾದ್ರೂ ಕೆಟ್ಟದಾಗಿ ನಡ್ಕೊಂಡ್ರೆ "ಅವರ ಹೆಸರು ಹಾಳಾಗತ್ತಲ್ಲ" ಅಂತ ನುಂಗ್ಕೋತಾರೆ. ಹಾಗಾಗಿ ಥ್ಯಾಂಕ್ಸ್ ಕ್ಲಬ್ಬಿಗೆ ಹೇಳಿ, ಸಂಬಳದ ಮಾತು ಕೆಲಸ ಕೊಡೋರ ಜೊತೆ ಆಡಿ, ಎರಡನ್ನೂ ಬೆರೆಸ್ಬೇಡಿ ಅಂದೆ. ನೇಮಕಾತಿ ಪತ್ರ ಬರವಣಿಗೆಲಿ ಇದೆಯಾ, ಸಂಬಳ ಅಕೌಂಟಿಗೆ ಬರತ್ತಾ, ಎಷ್ಟೊತ್ತಿಗೆ ಬಿಡ್ತಾರೆ, ಕಿರುಕುಳ ಆದ್ರೆ ದೂರು ಯಾರಿಗೆ ಕೊಡ್ಬೇಕು, ಇಷ್ಟು ಕೇಳ್ಲೇಬೇಕು. ಕೆಲಸದ ಜಾಗದ ಹಿಂಸೆ, ಕಿರುಕುಳ ತಡೆಯೋಕೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ ಒಂದು ಒಪ್ಪಂದನೇ ತಂದಿದೆ, ಕೇಳಿದ್ರೆ ಅತಿಯಾಗಲ್ಲ. "ಮನೆಯವರ ಥರಾನೇ ನೋಡ್ಕೋತೀವಿ" ಅನ್ನೋ ಮಾತು ಪತ್ರಕ್ಕೆ ಸಮ ಆಗಲ್ಲ.

'ಸ' ಒಪ್ಪಿದ್ಮೇಲೆ ಕ್ಲಬ್ ಸೆಕ್ರೆಟರಿ ಜೊತೆನೂ ಮಾತಾಡ್ದೆ. ಒಳ್ಳೆ ಮನಸ್ಸಿನವರು, ಹೊಲಿಗೆ ಮಷೀನ್ ಕೊಡೋದು ರೂಢಿ ಆಗಿಬಿಟ್ಟಿತ್ತು ಅಷ್ಟೇ. ಫೋಟೋ ಬೇಡ, ಸ್ಟೇಜ್ ಬೇಡ, ಮೀಟಿಂಗ್ ಮುಗಿದ್ಮೇಲೆ ನಾಲ್ಕೈದು ಜನ ಸದಸ್ಯರು ಟೇಬಲ್ ಹತ್ರ ಕೂತು ಮಾತಾಡ್ಲಿ, ಕೆಲಸ ಸಿಕ್ಕಿದ್ಮೇಲೂ ಒಬ್ಬರು ಆಗಾಗ ಫೋನ್ ಮಾಡಿ ವಿಚಾರಿಸ್ಲಿ, ಮೀಟಿಂಗ್ ರಾತ್ರಿ ಹೊತ್ತು ಇಟ್ರೆ ಮನೆಲಿ ರೋಗಿ ಇರೋ ಹೆಂಗಸು ಬರೋದಾದ್ರೂ ಹೇಗೆ ಅಂದೆ. ಒಪ್ಕೊಂಡ್ರು.

ಅವತ್ತೇ ಏನೂ ಕೆಲಸ ಸಿಗ್ಲಿಲ್ಲ. ಕೆಲವು ವಾರ ಆದ್ಮೇಲೆ ಅಲ್ಲಿ ಸಿಕ್ಕಿದ್ದ ಒಬ್ಬ ದಂತವೈದ್ಯೆ ತಮ್ಮ ಪರಿಚಯದವರ ಆಫೀಸಿಗೆ ಇವರ ಹೆಸರು ಹೇಳಿದ್ರು. ಮೊದಲು ಅರ್ಧ ದಿನದ ಕೆಲಸ, ಈಗ ಪೂರ್ತಿ. ಪತ್ರ ಕೇಳಿ ತಗೊಂಡೇ ಸೇರಿದ್ರು. ತಿಂಗಳ ಕೊನೆಲಿ ಲೇಟಾದಾಗ ಗಂಡನನ್ನ ಯಾರು ನೋಡ್ಕೋಬೇಕು ಅನ್ನೋದು ಇನ್ನೂ ಬಗೆಹರಿದಿಲ್ಲ, ಮುಂದಿನ ಸಲ ಅವರ ನಾದಿನಿನೂ ಜೊತೆಗೆ ಕರ್ಕೊಂಡು ಬನ್ನಿ ಅಂದಿದೀನಿ.