ಪುರಸಭೆಯಿಂದ ನೇರವಾಗಿ ಸಂಸತ್ತಿಗೆ

ಶಾಸಕರಾಗದೆ, ಕೇವಲ ಪುರಸಭೆಯ ಅನುಭವದಿಂದ ಲೋಕಸಭೆಗೆ ಹೋದವರು ನಮ್ಮ ಉಡುಪಿಯಲ್ಲಿ ಇದ್ದಾರೆಯೇ ಎಂದು ನೀವು ಕೇಳಿದ್ದೀರಿ. ಇದ್ದರು, ಕಾಂಗ್ರೆಸ್ಸಿನ ಆಸ್ಕರ್ ಫರ್ನಾಂಡಿಸ್. ಕಾನೂನಿನಲ್ಲಿ ಇದಕ್ಕೆ ಅಡ್ಡಿಯೇ ಇಲ್ಲ. ಲೋಕಸಭೆಗೆ 25 ವರ್ಷ ತುಂಬಿರಬೇಕು, ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಶಾಸಕರಾಗಿರಬೇಕೆಂಬ ನಿಯಮವಿಲ್ಲ.

ಆಸ್ಕರ್ ಹುಟ್ಟಿದ್ದು ಉಡುಪಿಯಲ್ಲಿ, 1941ರಲ್ಲಿ. ಎಪ್ಪತ್ತರ ದಶಕದಲ್ಲಿ ಇಲ್ಲಿನ ಪುರಸಭೆಯ ಸದಸ್ಯರಾಗಿದ್ದರು. 1980ರಲ್ಲಿ, ನಲವತ್ತು ತುಂಬುವ ಮೊದಲೇ, ಉಡುಪಿ ಕ್ಷೇತ್ರದಿಂದ ಲೋಕಸಭೆಗೆ ಗೆದ್ದರು. ಆಮೇಲೆ 1984, 1989, 1991, 1996. ಒಂದೇ ಕ್ಷೇತ್ರದಿಂದ ಸತತ ಐದು ಗೆಲುವು! ಕರಾವಳಿಯ ರಾಜಕೀಯದ ಗಾಳಿ ಬದಲಾಗುತ್ತಿದ್ದ ಆ ವರ್ಷಗಳಲ್ಲಿ ಇದು ಸಣ್ಣ ಮಾತಲ್ಲ. 1998ರಲ್ಲಿ ಸೋತರು, ಅದೇ ವರ್ಷ ರಾಜ್ಯಸಭೆಗೆ ಹೋದರು. 2013ರಲ್ಲಿ ಕೇಂದ್ರದ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವರಾದರು. 2021ರ ಸೆಪ್ಟೆಂಬರ್‌ನಲ್ಲಿ ಮಂಗಳೂರಿನಲ್ಲಿ ನಿಧನರಾದಾಗಲೂ ರಾಜ್ಯಸಭಾ ಸದಸ್ಯರೇ.

ನನಗೆ ಅವರ ಪಕ್ಷದ ಮೇಲೆ ವಿಶೇಷ ಒಲವೇನೂ ಇಲ್ಲ. ಆದರೆ ಚರಂಡಿ, ನಳ್ಳಿ ನೀರು, ಬೀದಿದೀಪದ ದೂರುಗಳನ್ನು ಮನೆಬಾಗಿಲಲ್ಲೇ ಕೇಳಿಸಿಕೊಂಡವರು ದೆಹಲಿಗೆ ಹೋಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಿಮ್ಮ ವಾರ್ಡಿನಿಂದ ಸ್ಪರ್ಧಿಸುವ ಯೋಚನೆ ಇದ್ದರೆ ದಯವಿಟ್ಟು ಹಿಂಜರಿಯಬೇಡಿ. ಮುಂದೆ ಲೋಕಸಭೆಗೆ ನಿಲ್ಲುವುದಾದರೆ ಒಂದು ವಿಷಯ ಗಮನದಲ್ಲಿರಲಿ: 2009ರ ಚುನಾವಣೆಯಿಂದ ಆ ಹಳೆಯ ಉಡುಪಿ ಕ್ಷೇತ್ರ ಇಲ್ಲ, ಈಗಿರುವುದು ಉಡುಪಿ–ಚಿಕ್ಕಮಗಳೂರು. ಘಟ್ಟದ ಮೇಲಿನ ಕಾಫಿ ಬೆಳೆಗಾರರ ಮತವನ್ನೂ ಗಳಿಸಬೇಕಾಗುತ್ತದೆ.